ದೋಣಿ ನೀರಿನಲ್ಲಿ ಕೂರಬೇಕು: ನಿಶ್ಚಲ ಬಂದರಿನ ಜಲವರ್ಣ ಚಿತ್ರ

ಪ್ರಶ್ನೆ: ಬೆಳಗಿನ ಹೊತ್ತಿನ ಮೀನುಗಾರಿಕಾ ಬಂದರಿನ ಫೋಟೋ ಒಂದನ್ನು ಮುಂದಿಟ್ಟುಕೊಂಡು ಜಲವರ್ಣದಲ್ಲಿ ಮೂರು ಸಲ ಬರೆದೆ. ಫೋಟೋದಲ್ಲಿ ಗಾಳಿಯೇ ಇಲ್ಲ, ಏಳು ದೋಣಿಗಳು ಕಟ್ಟಿ ನಿಂತಿವೆ. ನನ್ನ ಚಿತ್ರದಲ್ಲಿ ಮಾತ್ರ ದೋಣಿಗಳು ನೀರಿನಲ್ಲಿ ಕೂತಂತೆ ಕಾಣುವುದಿಲ್ಲ, ಕತ್ತರಿಸಿ ಅಂಟಿಸಿದ ಹಾಗಿವೆ. ದೋಣಿಯ ಆಕಾರವನ್ನೇ ತಲೆಕೆಳಗು ಮಾಡಿ, ಅದೇ ಬಣ್ಣದಲ್ಲಿ ಪ್ರತಿಬಿಂಬ ಬರೆದಿದ್ದೇನೆ. ಅಲೆಗಳನ್ನೂ ಒಂದೊಂದಾಗಿ ಬರೆದಿದ್ದೇನೆ. ಆದರೂ ಆ ಮೌನ ಬರುತ್ತಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಮೂರು ತಪ್ಪುಗಳು ಕಾಣುತ್ತಿವೆ. ಪ್ರತಿಬಿಂಬ ಎಂದರೆ ದೋಣಿಯ ತಲೆಕೆಳಗಾದ ನಕಲು ಅಲ್ಲ. ಅದರ ಬಣ್ಣ ದೋಣಿಯ ಬಣ್ಣವೂ ಅಲ್ಲ. ಇನ್ನು ಅಲೆಗಳನ್ನು ಒಂದೊಂದಾಗಿ ಎಣಿಸಿ ಬರೆದರೆ ನಿಶ್ಚಲ ನೀರು ಬರುವುದೇ ಇಲ್ಲ. ಇವುಗಳ ಜೊತೆಗೆ, ನೀವು ಹೇಳದೇ ಇರುವ ನಾಲ್ಕನೆಯ ತಪ್ಪೊಂದು ಇರುವ ಸಾಧ್ಯತೆ ಹೆಚ್ಚು. ಅಂಟಿಸಿದ ಹಾಗೆ ಕಾಣುವುದಕ್ಕೆ ಮುಖ್ಯ ಕಾರಣ ಅದೇ ಆಗಿರುತ್ತದೆ, ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ.

ದೋಣಿಗಳ ಅಳತೆಯನ್ನು ದಿಗಂತದ ಗೆರೆಯಿಂದ ಹಿಡಿಯಬೇಕು. ಗುಡ್ಡವೋ ಶೆಡ್ಡೋ ಅಡ್ಡ ಬಂದು ದಿಗಂತ ಕಾಣದಿದ್ದರೂ ಸರಿ, ನಿಮ್ಮ ಕಣ್ಣಿನ ಮಟ್ಟದಲ್ಲಿ ಪೆನ್ಸಿಲ್ ಗೆರೆಯೊಂದನ್ನು ಎಳೆದುಕೊಳ್ಳಿ. ಫೋಟೋದಲ್ಲಿ ಅದು ಎಲ್ಲಿದೆ ಎಂದು ತಿಳಿಯಲು ಧಕ್ಕೆಯ ಮೇಲಂಚನ್ನೂ ಅದರ ಬುಡದ ನೀರಿನ ಗೆರೆಯನ್ನೂ ಸ್ಕೇಲ್ ಇಟ್ಟು ಮುಂದಕ್ಕೆ ಎಳೆಯಿರಿ. ಎರಡೂ ಕೂಡುವ ಬಿಂದು ದಿಗಂತದ ಮೇಲಿರುತ್ತದೆ. ಈಗ ನಿಯಮ ಇಷ್ಟೇ: ನಿಮ್ಮ ಕಣ್ಣು ನೀರಿನಿಂದ 3 ಮೀಟರ್ ಎತ್ತರದಲ್ಲಿದ್ದರೆ, ಹತ್ತಿರದ್ದಿರಲಿ ದೂರದ್ದಿರಲಿ, ಪ್ರತಿ ದೋಣಿಯನ್ನೂ ದಿಗಂತದ ಗೆರೆ ನೀರಿನಿಂದ 3 ಮೀಟರ್ ಎತ್ತರದಲ್ಲೇ ದಾಟುತ್ತದೆ.

ಇದನ್ನು ಕಾಗದದ ಮೇಲೆ ಹಾಕಿ ನೋಡಿ. 28×38 ಸೆಂಟಿಮೀಟರ್ ಕಾಗದ ಅಡ್ಡಲಾಗಿದೆ, ದಿಗಂತ ಮೇಲಿನಿಂದ 10 ಸೆಂ.ಮೀ. ಕೆಳಗೆ ಇದೆ ಎನ್ನಿ. ಹತ್ತಿರದ ದೋಣಿಯ ನೀರಿನ ಗೆರೆ ದಿಗಂತದಿಂದ 8 ಸೆಂ.ಮೀ. ಕೆಳಗಿದೆ. ದೋಣಿಯ ಅಂಚು ನೀರಿನಿಂದ ಒಂದೂವರೆ ಮೀಟರ್ ಎತ್ತರ ಇದ್ದರೆ ಚಿತ್ರದಲ್ಲಿ ಅದು ಸರಿಯಾಗಿ ಅರ್ಧಕ್ಕೆ, ಅಂದರೆ ನೀರಿನ ಗೆರೆಯಿಂದ 4 ಸೆಂ.ಮೀ. ಮೇಲೆ ಬರಬೇಕು. ಅಂಥದ್ದೇ ಇನ್ನೊಂದು ದೋಣಿ ದೂರದಲ್ಲಿ, ದಿಗಂತದಿಂದ 2 ಸೆಂ.ಮೀ. ಕೆಳಗೆ ನಿಂತಿದ್ದರೆ ಅದರ ಅಂಚು 1 ಸೆಂ.ಮೀ. ಎತ್ತರಕ್ಕೆ. ನೀರಿನಿಂದ 6 ಮೀಟರ್ ಎತ್ತರದ ಕಂಬ ಇದ್ದರೆ ಅದರ ಅರ್ಧ ದಿಗಂತದ ಕೆಳಗೆ, ಅರ್ಧ ಮೇಲೆ. ಎದುರಿನ ಧಕ್ಕೆ ನೀರಿನಿಂದ 2 ಮೀಟರ್ ಎತ್ತರವಿದ್ದರೆ ಅದರ ಮೇಲೆ ನಿಂತ ಮನುಷ್ಯನ ಸೊಂಟದ ಹತ್ತಿರ ದಿಗಂತ ಹಾದುಹೋಗುತ್ತದೆ. ದೂರದ ದೋಣಿಯನ್ನು ಅಂದಾಜಿನಲ್ಲಿ ಸ್ವಲ್ಪ ದೊಡ್ಡದಾಗಿ, ಸ್ವಲ್ಪ ಮೇಲೆ ಬರೆದುಬಿಟ್ಟರೆ ಅದು ನಿಂತಿರುವ ನೀರು ಹತ್ತಿರದ ದೋಣಿ ನಿಂತ ನೀರಿಗಿಂತ ಎತ್ತರದಲ್ಲಿರುವಂತೆ ಕಾಣುತ್ತದೆ. ಆಮೇಲೆ ಎಷ್ಟು ಚೆನ್ನಾಗಿ ಬಣ್ಣ ಹಾಕಿದರೂ ನೀರು ಸಮತಟ್ಟಾಗುವುದಿಲ್ಲ.

ದೋಣಿಯ ಆಕಾರದಲ್ಲಿ ಗಮನಿಸಬೇಕಾದ್ದು ಎರಡು ಬಾಗುಗಳು. ಮೇಲಂಚು ಮೂತಿಯ ಕಡೆಗೆ ಏರುತ್ತಾ ಹೋಗುವ ದೊಡ್ಡ ಬಾಗು. ನೀರಿನ ಗೆರೆ ಮಾತ್ರ ನೀರಿನ ಮಟ್ಟದಲ್ಲೇ ಇರುವುದರಿಂದ ಬಹಳ ಚಪ್ಪಟೆಯಾದ ಬಾಗು, ಬಹುತೇಕ ನೇರ. ಎರಡನ್ನೂ ಒಂದೇ ರೀತಿ ಬಾಗಿಸಿದರೆ ದೋಣಿ ಬಾಳೆಹಣ್ಣಿನಂತಾಗಿ, ನಡುವಿನಲ್ಲಿ ಮಾತ್ರ ನೀರಿಗೆ ತಾಗಿದಂತೆ ಕಾಣುತ್ತದೆ. ಚಿತ್ರವನ್ನು ಕನ್ನಡಿಯಲ್ಲಿ ನೋಡಿದರೆ ಈ ತಪ್ಪು ತಕ್ಷಣ ಕಣ್ಣಿಗೆ ಬೀಳುತ್ತದೆ.

ಇನ್ನು ಪ್ರತಿಬಿಂಬ. ನೀರಿನ ಮೇಲೆ ನಿಮ್ಮ ಕಣ್ಣು ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಆಳದಲ್ಲಿ, ನೀರಿನ ಕೆಳಗಿನಿಂದ ನೋಡಿದರೆ ದೋಣಿ ಹೇಗೆ ಕಾಣುತ್ತದೋ ಅದು ಪ್ರತಿಬಿಂಬದಲ್ಲಿ ಕಾಣುತ್ತದೆ. ಈ ಒಂದು ಮಾತು ಗಟ್ಟಿಯಾದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ. ಧಕ್ಕೆಯ ಮೇಲೆ ನಿಂತವರಿಗೆ ದೋಣಿಯ ಒಳಗಿನ ಹಲಗೆ, ಬಲೆ, ಬುಟ್ಟಿ ಕಾಣುತ್ತವೆ. ಪ್ರತಿಬಿಂಬದಲ್ಲಿ ಆ ಒಳಭಾಗ ಕಾಣುವುದೇ ಇಲ್ಲ. ಅದರ ಬದಲು ಹೊರಕ್ಕೆ ಚಾಚಿದ ಮೂತಿಯ ಅಡಿಭಾಗ, ಅಂಚಿನ ಪಟ್ಟಿಯ ಕೆಳಮೈ, ಮೇಲಿನಿಂದ ನಿಮಗೆ ಕಾಣದ ಹೊಟ್ಟೆಯ ತಿರುವು ಕಾಣುತ್ತವೆ. ದೋಣಿಯ ಒಳಗಿನ ನೀಲಿ ಬಣ್ಣವನ್ನು ಪ್ರತಿಬಿಂಬದಲ್ಲೂ ತೋರಿಸಿದ ಚಿತ್ರಗಳು ಬೇಕಾದಷ್ಟಿವೆ. ನೋಡುವವರಿಗೆ ಕಾರಣ ಹೇಳಲು ಬರದಿದ್ದರೂ ಏನೋ ಸರಿಯಿಲ್ಲ ಎಂದು ಅನ್ನಿಸಿಯೇ ಅನ್ನಿಸುತ್ತದೆ.

ಉದ್ದದ ಲೆಕ್ಕವೂ ಇದರಿಂದಲೇ ಸಿಗುತ್ತದೆ. ನೆಟ್ಟಗೆ ನಿಂತ ಕಂಬದ ಪ್ರತಿಬಿಂಬ ಅಷ್ಟೇ ಉದ್ದ, ಆದರೆ ಅಳೆಯಬೇಕಾದ್ದು ಕಂಬದ ನೇರ ಕೆಳಗೆ ನೀರಿನ ಮಟ್ಟ ಎಲ್ಲಿ ಬರುತ್ತದೋ ಅಲ್ಲಿಂದ. ದೋಣಿಯ ನಡುವಿನ ಕಂಬಕ್ಕೆ ಆ ಬಿಂದು ದೋಣಿಯ ಒಳಗೆ ಬರುತ್ತದೆ, ನಿಮ್ಮ ಕಡೆಯ ನೀರಿನ ಗೆರೆಯಲ್ಲಲ್ಲ. ಕಂಬ ನಿಮ್ಮ ಕಡೆಗೆ ವಾಲಿದ್ದರೆ ಪ್ರತಿಬಿಂಬ ಕಂಬಕ್ಕಿಂತ ಉದ್ದ, ಆಚೆಗೆ ವಾಲಿದ್ದರೆ ಗಿಡ್ಡ. ಎಡಕ್ಕೆ ವಾಲಿದ ಕಂಬದ ಪ್ರತಿಬಿಂಬವೂ ಎಡಕ್ಕೇ ವಾಲುತ್ತದೆ.

ಧಕ್ಕೆಯ ಮೇಲಿನ ಶೆಡ್ಡಿನಲ್ಲಿ ಎಲ್ಲರೂ ಎಡವುತ್ತಾರೆ. ಒಂದು ಲೆಕ್ಕ ನೋಡಿ: ನಿಮ್ಮ ಕಣ್ಣು ನೀರಿನಿಂದ 3 ಮೀಟರ್ ಮೇಲೆ, ಎದುರಿನ ಧಕ್ಕೆ 40 ಮೀಟರ್ ದೂರದಲ್ಲಿ, ಅದರ ಎತ್ತರ 2 ಮೀಟರ್. ಶೆಡ್ಡು ಧಕ್ಕೆಯ ಅಂಚಿನಿಂದ 10 ಮೀಟರ್ ಹಿಂದಿದೆ, 4 ಮೀಟರ್ ಎತ್ತರವಿದೆ. ನೇರವಾಗಿ ನೋಡಿದರೆ ಶೆಡ್ಡು ಪೂರ್ತಿ ಕಾಣುತ್ತದೆ. ನೀರಿನಲ್ಲಿ ಅದರ ಮೇಲಿನ ಎರಡು ಮುಕ್ಕಾಲು ಮೀಟರ್ ಮಾತ್ರ ಕಾಣುತ್ತದೆ, ಬುಡವನ್ನು ಧಕ್ಕೆಯ ಪ್ರತಿಬಿಂಬ ನುಂಗಿಬಿಡುತ್ತದೆ. ಧಕ್ಕೆಯ ಗೋಡೆ ಮಾತ್ರ ಪೂರ್ತಿ ಇಳಿಯುತ್ತದೆ. ಪ್ರತಿ ಸಲ ಈ ಲೆಕ್ಕ ಮಾಡಬೇಕಾಗಿಲ್ಲ. ನೀರಿನ ಅಂಚಿನಿಂದ ಹಿಂದಕ್ಕೆ ಸರಿದಷ್ಟೂ ವಸ್ತುವಿನ ಬುಡ ಪ್ರತಿಬಿಂಬದಲ್ಲಿ ಮರೆಯಾಗುತ್ತದೆ ಎಂದು ನೆನಪಿಟ್ಟುಕೊಂಡರೆ ಸಾಕು.

ಇನ್ನೊಂದು ಗೊಂದಲ ನೆರಳಿನದು. ಬಿಸಿಲು ಯಾವ ಕಡೆಯಿಂದ ಬರಲಿ, ಪ್ರತಿಬಿಂಬ ಕಾಗದದ ಮೇಲೆ ನೇರ ಕೆಳಕ್ಕೇ ಇಳಿಯುತ್ತದೆ. ಓರೆಯಾಗಿ ಬೀಳುವುದು ನೆರಳು. ತಿಳಿನೀರಿನ ಮೇಲೆ ನೆರಳು ಹೆಚ್ಚುಕಡಿಮೆ ಕಾಣುವುದಿಲ್ಲ, ಕದಡಿದ ನೀರಿದ್ದರೆ ಮಾತ್ರ ಮಸುಕಾಗಿ ಕಾಣುತ್ತದೆ.

ಬಣ್ಣಕ್ಕೆ ಬರೋಣ. ನೀರು ತನಗೆ ಸಿಕ್ಕ ಬೆಳಕನ್ನೆಲ್ಲ ಹಿಂತಿರುಗಿಸುವುದಿಲ್ಲ. ಕಣ್ಣು 3 ಮೀಟರ್ ಎತ್ತರದಲ್ಲಿದ್ದರೆ, 3 ಮೀಟರ್ ದೂರದ ನೀರು ಶೇಕಡಾ 3ರಷ್ಟು ಬೆಳಕನ್ನು ಮಾತ್ರ ಪ್ರತಿಫಲಿಸುತ್ತದೆ. 17 ಮೀಟರ್ ದೂರದಲ್ಲಿ ಅದು ಮೂರನೇ ಒಂದು ಭಾಗವಾಗುತ್ತದೆ, 34 ಮೀಟರಿಗೆ ಅರ್ಧಕ್ಕಿಂತ ಹೆಚ್ಚು. ಆದ್ದರಿಂದ ದೂರದ ನೀರು ಕನ್ನಡಿ, ಕಾಲಬುಡದ ನೀರು ಕಿಟಕಿ. ಮುಂಭಾಗದಲ್ಲಿ ಕಾಣುವುದು ಬಹುಪಾಲು ನೀರಿನದೇ ಬಣ್ಣ, ಬಂದರಿನಲ್ಲಿ ಅದು ಸಾಮಾನ್ಯವಾಗಿ ಹಸಿರು ಮಿಶ್ರಿತ ಕಂದು. ನಿಮ್ಮ ನೀರು ಗಾಜಿನ ಹಾಳೆಯಂತೆ ನಿಂತುಬಿಟ್ಟಿದ್ದರೆ, ಮೇಲಿನಿಂದ ಕೆಳಗಿನವರೆಗೆ ಒಂದೇ ಹೊಳಪು ಕೊಟ್ಟಿದ್ದೀರಿ ಎಂದೇ ಅರ್ಥ. ಕೆಳಕ್ಕೆ ಬಂದಂತೆ ಟೋನ್ (ಬಣ್ಣ ಎಷ್ಟು ಗಾಢ, ಎಷ್ಟು ತಿಳಿ ಎಂಬುದು) ಗಾಢವಾಗಬೇಕು, ಹಸಿರಿನ ಕಡೆಗೆ ವಾಲಬೇಕು.

ಇದೇ ಕಾರಣಕ್ಕೆ ಬಿಳಿ ದೋಣಿಯ ಪ್ರತಿಬಿಂಬ ದೋಣಿಗಿಂತ ಒಂದು ಮಟ್ಟ ಮಬ್ಬು. ಕಪ್ಪು ದೋಣಿಯದು ದೋಣಿಗಿಂತ ಒಂದು ಮಟ್ಟ ತಿಳಿ ಮತ್ತು ಹಸಿರು, ಏಕೆಂದರೆ ಕಪ್ಪು ಮೈಯಿಂದ ಬರುವ ಬೆಳಕು ಕಡಿಮೆಯಾದಾಗ ನೀರಿನ ಸ್ವಂತ ಬಣ್ಣ ಮೇಲಕ್ಕೆ ಬರುತ್ತದೆ. ಅಂದರೆ ನೀರಿನಲ್ಲಿ ಬಿಳಿ ಕಪ್ಪು ಎರಡೂ ನಡುವಿನ ಕಡೆಗೆ ಸರಿಯುತ್ತವೆ. ನೀವು ಎರಡಕ್ಕೂ ಅದೇ ಬಣ್ಣ ಬಳಸಿದ್ದರಿಂದ ನೀರು ಇರುವ ಸುಳಿವೇ ಸಿಗುತ್ತಿಲ್ಲ. ಬಿಳಿ ದೋಣಿ ಎಂದರೆ ಬಿಳಿ ಕಾಗದ ಎಂದೂ ತಿಳಿಯಬೇಡಿ. ಬೆಳಗಿನ ಆಕಾಶ ದೋಣಿಯ ಹಿಂದಿದ್ದರೆ ಅದರ ನೆರಳಿನ ಬದಿ ಆಕಾಶಕ್ಕಿಂತ ಗಾಢವಾದ ಬೂದು. ಕಣ್ಣು ಕಿರಿದು ಮಾಡಿ ನೋಡಿದರೆ ತಿಳಿಯುತ್ತದೆ.

ಅಲೆಗಳ ವಿಷಯದಲ್ಲಿ ಫೋಟೋ ನಿಮ್ಮನ್ನು ದಾರಿ ತಪ್ಪಿಸಿದೆ. ಕ್ಯಾಮೆರಾ ಪ್ರತಿ ಕಿರುಅಲೆಯನ್ನೂ ಹೆಪ್ಪುಗಟ್ಟಿಸುತ್ತದೆ, ಕಣ್ಣು ಅವನ್ನೆಲ್ಲ ಕಲಸಿ ಒಂದು ಮಾಡಿಕೊಂಡು ನೋಡುತ್ತದೆ. ಫೋಟೋವನ್ನು ಮಸುಕು ಮಾಡಿ ಇನ್ನೊಂದು ಪ್ರತಿ ಇಟ್ಟುಕೊಂಡು ನೀರಿನ ಭಾಗವನ್ನು ಅದನ್ನು ನೋಡಿಯೇ ಬರೆಯಿರಿ. ನಿಶ್ಚಲ ಬಂದರಿನಲ್ಲಿ ಪ್ರತಿಬಿಂಬ ದೋಣಿಯ ಬುಡದಲ್ಲಿ ಹೆಚ್ಚುಕಡಿಮೆ ಇಡಿಯಾಗಿರುತ್ತದೆ, ಕೆಳಕ್ಕೆ ಬಂದಂತೆ ಅಡ್ಡ ತುಂಡುಗಳಾಗಿ ಒಡೆಯುತ್ತದೆ. ಆ ತುಂಡುಗಳು ಮುಂಭಾಗದಲ್ಲಿ 8–10 ಮಿಲಿಮೀಟರ್ ಅಂತರದಲ್ಲಿದ್ದರೆ ನಡುವಿನಲ್ಲಿ 2–3 ಮಿಲಿಮೀಟರ್ ಸಾಕು, ದೂರದಲ್ಲಿ ಏನೂ ಬೇಡ. ಎಲ್ಲ ಕಡೆ ಒಂದೇ ಅಳತೆಯ ಗೀಟು ಹಾಕಿದರೆ ನೀರು ನಿಂತ ಗೋಡೆಯಾಗುತ್ತದೆ.

ದೂರದಲ್ಲಿ ಒಂದೇ ಒಂದು ಗಾಳಿಪಟ್ಟಿ ಮಾತ್ರ ಇರಲಿ. ತೆಳುಗಾಳಿ ತಾಗಿದ ಜಾಗದಲ್ಲಿ ನೀರು ಮೇಲಿನ ಆಕಾಶವನ್ನು ಹಿಡಿಯುವುದರಿಂದ ಗುಡ್ಡದ ಗಾಢ ಪ್ರತಿಬಿಂಬದ ನಡುವೆ ತಿಳಿಯಾದ ಅಡ್ಡಗೆರೆ ಮೂಡುತ್ತದೆ. 3 ಮಿಲಿಮೀಟರಿಗಿಂತ ದಪ್ಪ ಬೇಡ. ನೀರು ಎಷ್ಟು ಮಲಗಿದೆ ಎಂಬುದು ಆ ಒಂದು ಗೆರೆಯಿಂದ ಗೊತ್ತಾಗುತ್ತದೆ.

ಮೌನದ ಬಗ್ಗೆ ಫ್ರಾನ್ಸಿನ ಚಿತ್ರಕಾರ ಜಾರ್ಜ್ ಸೆರಾ 1890ರ ಪತ್ರವೊಂದರಲ್ಲಿ ತನ್ನ ವಿಚಾರವನ್ನು ಸೂತ್ರದಂತೆ ಬರೆದಿಟ್ಟಿದ್ದಾನೆ: ಗಾಢ ಮತ್ತು ತಿಳಿ ಸಮನಾಗಿದ್ದಾಗ, ಬಿಸಿ ಮತ್ತು ತಂಪು ಬಣ್ಣಗಳು ಸಮನಾಗಿದ್ದಾಗ, ಗೆರೆ ಅಡ್ಡವಾಗಿದ್ದಾಗ ಶಾಂತತೆ ಬರುತ್ತದೆ. ಅದೇ ವರ್ಷ ಅವನು ಗ್ರಾವೆಲೀನ್ ಬಂದರಿನ ಕಾಲುವೆಯನ್ನು ಬರೆದ ಚಿತ್ರದಲ್ಲಿ ಮುಂದೆ ಹಗ್ಗ ಕಟ್ಟುವ ಗೂಟವೊಂದಿದೆ, ಉಳಿದದ್ದೆಲ್ಲ ಅಡ್ಡಲಾಗಿ ಚಾಚಿದ ಧಕ್ಕೆ, ನೀರು, ಆಕಾಶ. ಈ ವಿಷಯಕ್ಕೆ ಅದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ನಿಮ್ಮ ಏಳು ದೋಣಿಗಳಲ್ಲಿ ಮೂರನ್ನು ಉಳಿಸಿಕೊಳ್ಳಿ: ಮುಖ್ಯವಾದದ್ದೊಂದು, ಅದಕ್ಕೆ ಅರ್ಧ ಮರೆಯಾಗಿ ಇನ್ನೊಂದು, ದೂರದಲ್ಲಿ ಪುಟ್ಟದೊಂದು. ಚಿತ್ರದ ಮೂರನೇ ಒಂದು ಭಾಗದಲ್ಲಿ ಏನೂ ಇಲ್ಲದ ನೀರು ಇರಬೇಕು. ಆ ಖಾಲಿ ಜಾಗವನ್ನು ತುಂಬುವ ಆಸೆಯನ್ನು ತಡೆದುಕೊಳ್ಳುವುದೇ ಈ ಚಿತ್ರದಲ್ಲಿ ಅತ್ಯಂತ ಕಷ್ಟದ ಕೆಲಸ.

ಗಾಳಿ ಇಲ್ಲ ಎಂದು ಹೇಳುವ ಸಣ್ಣ ಸಾಕ್ಷಿಗಳೂ ಬೇಕು. ಕಟ್ಟಿದ ಹಗ್ಗ ಸಡಿಲವಾಗಿ ಜೋತು, ನಡುಭಾಗ ನೀರಿಗೆ ತಾಗಿರಬೇಕು. ಬಿಗಿಯಾದ ಹಗ್ಗ ಎಂದರೆ ಗಾಳಿಯೋ ಸೆಳೆತವೋ ದೋಣಿಯನ್ನು ಎಳೆಯುತ್ತಿದೆ ಎಂದರ್ಥ. ಬಾವುಟ ಕಂಬಕ್ಕೆ ಅಂಟಿಕೊಂಡಿರಬೇಕು. ಒಂದೇ ಲಂಗರಿನ ಮೇಲೆ ನಿಂತ ದೋಣಿಗಳು ಗಾಳಿಗೋ ಸೆಳೆತಕ್ಕೋ ಮುಖ ಮಾಡಿ ಒಂದೇ ದಿಕ್ಕಿಗೆ ತಿರುಗುತ್ತವೆ, ಆದ್ದರಿಂದ ಪಕ್ಕಪಕ್ಕದ ಎರಡನ್ನು ಎದುರುಬದುರು ಮಾಡಬೇಡಿ. ಧಕ್ಕೆಯ ಗೋಡೆಯ ಮೇಲೆ ಉಬ್ಬರ ಬಿಟ್ಟುಹೋದ ಒದ್ದೆ ಪಟ್ಟಿ ಇರುತ್ತದೆ, ಮೇಲೆ ಒಣಗಿದ ಕಲ್ಲು, ಕೆಳಗೆ ಪಾಚಿ ಹಿಡಿದ ಗಾಢ ಬಣ್ಣ. ಅದರ ಮೇಲಂಚು ಗೋಡೆಯುದ್ದಕ್ಕೂ ಒಂದೇ ಮಟ್ಟ. ನಿಮಗೆ ಬೇಕಾದ ಅಡ್ಡಗೆರೆ ಅಲ್ಲೇ ಪುಕ್ಕಟೆಯಾಗಿ ಸಿಗುತ್ತದೆ.

ಈಗ ಬರೆಯುವ ಕ್ರಮ. 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಕದ) ಹತ್ತಿ ಕಾಗದ, ಕೋಲ್ಡ್ ಪ್ರೆಸ್, ಅಂದರೆ ಮೈ ಸ್ವಲ್ಪ ತರಿಯಾಗಿರುವಂಥದ್ದು. ಬೋರ್ಡಿನ ತಲೆಯ ಕಡೆ 3–4 ಸೆಂ.ಮೀ. ಎತ್ತರಿಸಿ. 25 ಮಿಲಿಮೀಟರ್ ಚಪ್ಪಟೆ ಬ್ರಷ್, 12 ಮತ್ತು 6ನೇ ನಂಬರಿನ ದುಂಡು ಬ್ರಷ್, 2ನೇ ನಂಬರಿನ ರಿಗರ್ (ಉದ್ದ ಕೂದಲಿನ ತೆಳು ಬ್ರಷ್). ಬಣ್ಣ ಐದೇ: ರಾ ಸಿಯೆನ್ನಾ, ಬರ್ನ್ಟ್ ಸಿಯೆನ್ನಾ, ಲೈಟ್ ರೆಡ್, ಕೋಬಾಲ್ಟ್ ಬ್ಲೂ, ಅಲ್ಟ್ರಾಮರೀನ್. ಬೂದು ಬಣ್ಣಕ್ಕೆ ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾ, ನೀರಿನ ಹಸಿರಿಗೆ ಅಲ್ಟ್ರಾಮರೀನ್ ಮತ್ತು ರಾ ಸಿಯೆನ್ನಾ. ಒಂದು ಮಿಶ್ರಣದಲ್ಲಿ ಮೂರಕ್ಕಿಂತ ಹೆಚ್ಚು ಬಣ್ಣ ಸೇರಿದರೆ ಕೆಸರಾಗುತ್ತದೆ. ಮೊದಲು 7×9.5 ಸೆಂ.ಮೀ. ಚೌಕಟ್ಟಿನಲ್ಲಿ ಮೂರೇ ಟೋನ್‌ಗಳಲ್ಲಿ ಚಿಕ್ಕ ಕರಡು ಮಾಡಿಕೊಳ್ಳಿ, ಹತ್ತು ನಿಮಿಷದ ಕೆಲಸ. ಅಲ್ಲಿ ಶಾಂತವಾಗಿ ಕಾಣದ್ದು ದೊಡ್ಡದಾಗಿ ಬರೆದರೆ ಶಾಂತವಾಗುವುದಿಲ್ಲ.

ಮೊದಲ ವಾಶ್‌ನಲ್ಲಿ (ನೀರು ಬೆರೆಸಿದ ಬಣ್ಣದ ತೆಳು ಪದರದಲ್ಲಿ) ಆಕಾಶ ಮತ್ತು ನೀರನ್ನು ಒಟ್ಟಿಗೇ ಹಾಕಿ, ಬಿಸಿಲು ತಾಗಿದ ಬಿಳಿ ಭಾಗಗಳನ್ನು ಮಾತ್ರ ಬಿಟ್ಟು. ಮೇಲೆ ಕೋಬಾಲ್ಟ್, ದಿಗಂತದ ಹತ್ತಿರ ತೀರಾ ತೆಳುವಾದ ರಾ ಸಿಯೆನ್ನಾಕ್ಕೆ ಚೂರು ಲೈಟ್ ರೆಡ್. ಅಲ್ಲಿಂದ ನಿಲ್ಲಿಸದೆ ಕೆಳಕ್ಕೆ ಬಂದು ಮತ್ತೆ ಕೋಬಾಲ್ಟ್, ಕೊನೆಯಲ್ಲಿ ಹಸಿರು ಮಿಶ್ರಣ. ಜಲವರ್ಣ ಒಣಗಿದಾಗ ತಿಳಿಯಾಗುವುದರಿಂದ ಹಸಿಯಿದ್ದಾಗ ಬೇಕಾದ್ದಕ್ಕಿಂತ ಸ್ವಲ್ಪ ಗಾಢವಾಗಿಯೇ ಇರಲಿ. ಪೂರ್ತಿ ಒಣಗಲು ಬಿಡಿ. ಅಂಗೈ ಹಿಂಬದಿ ತಾಗಿಸಿದರೆ ತಣ್ಣಗೆ ಅನಿಸಿದಷ್ಟು ಹೊತ್ತೂ ಒಳಗೆ ತೇವ ಇದೆ.

ಎರಡನೆಯದು ದೂರದ ಗುಡ್ಡ, ಶೆಡ್ಡು ಮತ್ತು ಅವುಗಳ ಪ್ರತಿಬಿಂಬ. ಇಲ್ಲಿ ನೀರಿನ ಭಾಗವನ್ನು ಮತ್ತೆ ಒದ್ದೆ ಮಾಡಿ, ಕಾಗದದ ಹೊಳಪನ್ನು ಓರೆಯಿಂದ ಗಮನಿಸುತ್ತಿರಿ. ಥಳಥಳ ಹೊಳೆಯುವಾಗ ಬಣ್ಣ ಇಟ್ಟರೆ ಓಡಿಹೋಗುತ್ತದೆ. ಹೊಳಪು ರೇಷ್ಮೆಯಷ್ಟಾದಾಗ ಇಟ್ಟರೆ ಅಂಚು ಮೃದುವಾಗಿ ಅಲ್ಲೇ ನಿಲ್ಲುತ್ತದೆ, ನಿಮಗೆ ಬೇಕಾದ ಗಳಿಗೆ ಅದು. ಹೊಳಪು ಆರಿದ ಮೇಲೆ ನೀರುನೀರಾದ ಬ್ರಷ್ ತಾಗಿಸಿದರೆ ಹೂಕೋಸಿನಂಥ ಕಲೆ ಏಳುತ್ತದೆ, ಏಕೆಂದರೆ ಬ್ರಷ್‌ನ ಹೆಚ್ಚುವರಿ ನೀರು ಅರ್ಧ ಒಣಗಿದ ಬಣ್ಣವನ್ನು ಹೊರಕ್ಕೆ ತಳ್ಳುತ್ತದೆ. ಬ್ರಷ್‌ನಲ್ಲಿರುವ ಬಣ್ಣ ಯಾವಾಗಲೂ ಕಾಗದದ ತೇವಕ್ಕಿಂತ ಗಟ್ಟಿಯಾಗಿರಬೇಕು. ಪ್ರತಿಬಿಂಬಕ್ಕೆ ಬ್ರಷ್ ನೇರ ಕೆಳಕ್ಕೆ ಎಳೆಯಿರಿ. ನಂತರ ಹಿಂಡಿದ ಚಪ್ಪಟೆ ಬ್ರಷ್‌ನ ಅಂಚಿನಿಂದ ಒಂದೇ ಸಲ ಅಡ್ಡ ಎಳೆದರೆ ಗಾಳಿಪಟ್ಟಿ ಸಿದ್ಧ.

ಮೂರನೆಯದು ದೋಣಿಗಳು. ದೋಣಿಯ ಮೈ ಮತ್ತು ಪ್ರತಿಬಿಂಬವನ್ನು ಒಂದೇ ಹಸಿಯಲ್ಲಿ ಬರೆಯಿರಿ. ಮೈಗೆ ಬಣ್ಣ ಹಾಕಿ, ಅದು ಒಣಗುವ ಮೊದಲೇ ನೀರಿನ ಗೆರೆ ದಾಟಿಸಿ ಕೆಳಕ್ಕೆ ಇಳಿಸಿ, ಇಳಿಯುವಾಗ ಸ್ವಲ್ಪ ಹಸಿರು ಬೆರೆಸಿ. ಕೆಲವು ಕಡೆ ಮೈ ಮತ್ತು ಪ್ರತಿಬಿಂಬ ಕಲೆತುಹೋಗಲಿ. ಒಣಗಿದ ಮೇಲೆ ಹೊಟ್ಟೆಯ ತಿರುವಿನ ಕೆಳಗೆ, ಒಂದು ಮಿಲಿಮೀಟರಿಗಿಂತ ತೆಳುವಾದ ಗಾಢ ಗೆರೆಯನ್ನು ಅಲ್ಲಲ್ಲಿ ತುಂಡು ಮಾಡಿ ಇಡಿ. ದೋಣಿಯ ಉದ್ದಕ್ಕೂ ಒಂದೇ ಸಮನೆ ಎಳೆದರೆ ಮತ್ತೆ ಅಂಟಿಸಿದ ಕಾಗದದಂತಾಗುತ್ತದೆ, ಬಿಳಿಯ ಗೆರೆ ಬಿಟ್ಟರಂತೂ ಇನ್ನೂ ಕೆಟ್ಟದ್ದು. ದೋಣಿ ನೀರಿನಲ್ಲಿ ಕೂರುವುದು ಅಥವಾ ಕೂರದಿರುವುದು ಈ ಗೆರೆಯಲ್ಲಿ ತೀರ್ಮಾನವಾಗುತ್ತದೆ.

ಬೆಳಗಿನ ಬಿಸಿಲಿನ ಒಂದು ಚುಕ್ಕೆ ಬೇಕೆನಿಸಿದರೆ ಕ್ಲಾಡ್ ಮೊನೆ 1872ರಲ್ಲಿ ಲೆ ಹಾವ್ರ್ ಬಂದರಿನಲ್ಲಿ ಬರೆದ ಸೂರ್ಯೋದಯದ ಚಿತ್ರವನ್ನು ನೋಡಿ. ಆ ಕಿತ್ತಳೆ ಸೂರ್ಯ ಸುತ್ತಲಿನ ಬೂದು ಮೋಡದಷ್ಟೇ ಟೋನ್‌ನಲ್ಲಿದ್ದಾನೆ. ಚಿತ್ರವನ್ನು ಕಪ್ಪುಬಿಳುಪು ಮಾಡಿದರೆ ಸೂರ್ಯ ಬಹುತೇಕ ಕಾಣೆಯಾಗುತ್ತಾನೆ. ನೀವೂ ಬಣ್ಣ ಬದಲಿಸಿ, ಟೋನ್ ಬದಲಿಸಬೇಡಿ. ಮೌನ ಕೆಡದೆ ಬೆಳಕು ಬರುತ್ತದೆ.

ಮಾಸ್ಕಿಂಗ್ ಫ್ಲೂಯಿಡ್ (ಕಾಗದದ ಬಿಳಿ ಉಳಿಸಲು ಹಚ್ಚುವ ರಬ್ಬರು ದ್ರವ) ಬಳಸುವುದಾದರೆ ಅದೇ ದಿನ ಕಿತ್ತುಬಿಡಿ, ಅದರ ಮೇಲೆ ಡ್ರೈಯರ್ ಹಿಡಿಯಬೇಡಿ. ಬಿಸಿ ತಾಗಿ ಹಳತಾದ ರಬ್ಬರು ಕಾಗದದ ಪದರವನ್ನೂ ಕಿತ್ತುಕೊಂಡು ಬರುತ್ತದೆ. ಹಗ್ಗಗಳನ್ನು ಕೊನೆಗೆ ರಿಗರ್‌ನಿಂದ, ತೋಳನ್ನು ಪೂರ್ತಿ ಆಡಿಸಿ ಒಂದೇ ಎಳೆತಕ್ಕೆ ಬರೆಯಿರಿ. ಗಾಢ ಹಿನ್ನೆಲೆಯ ಮೇಲೆ ತಿಳಿ ಹಗ್ಗ ಬೇಕಾದರೆ ಬಿಳಿ ಗ್ವಾಶ್‌ಗೆ (ಅಡಿಯ ಬಣ್ಣ ಕಾಣದಂತೆ ಮುಚ್ಚುವ ಜಲವರ್ಣಕ್ಕೆ) ರಾ ಸಿಯೆನ್ನಾ ಸೇರಿಸಿ. ಶುದ್ಧ ಬಿಳಿ ಇಟ್ಟರೆ ಕಣ್ಣು ಹಗ್ಗದ ಮೇಲೆಯೇ ನಿಂತುಬಿಡುತ್ತದೆ.

ಈಗಾಗಲೇ ಬರೆದ ಮೂರರಲ್ಲಿ ಒಂದನ್ನಾದರೂ ಉಳಿಸಿಕೊಳ್ಳಬಹುದು. ದೋಣಿಗಳ ಅಳತೆ ಸರಿಯಿರುವುದನ್ನು ಆರಿಸಿ. ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾದ ತೆಳು ಬೂದು ವಾಶ್ ಕಲಸಿ, 25 ಮಿಲಿಮೀಟರ್ ಬ್ರಷ್‌ನಿಂದ ನೀರಿನ ಭಾಗದ ಮೇಲೆ ಮಾತ್ರ ಎಡದಿಂದ ಬಲಕ್ಕೆ ಎಳೆಯಿರಿ, ಒಮ್ಮೆ ಹೋದ ಜಾಗಕ್ಕೆ ಎರಡನೇ ಸಲ ಹೋಗಬೇಡಿ. ಅಲೆಗಳ ಗೀಟುಗಳು ಅರ್ಧ ಮುಳುಗುತ್ತವೆ, ಬಿಳಿ ಪ್ರತಿಬಿಂಬಗಳು ಒಂದು ಮಟ್ಟ ಇಳಿಯುತ್ತವೆ. ಒಣಗಿದ ಮೇಲೆ ಕಪ್ಪು ದೋಣಿಯ ಪ್ರತಿಬಿಂಬವನ್ನು ಒದ್ದೆ ಬ್ರಷ್‌ನಿಂದ ಸವರಿ, ಟಿಶ್ಯೂ ಒತ್ತಿ ಸ್ವಲ್ಪ ಬಣ್ಣ ಎತ್ತಿ. ಅಲ್ಟ್ರಾಮರೀನ್, ಕೋಬಾಲ್ಟ್ ಬಳಸಿದ್ದರೆ ಏಳುತ್ತದೆ, ಥ್ಯಾಲೋ ಬ್ಲೂ ಬಳಸಿದ್ದರೆ ಅದು ಕಾಗದಕ್ಕೆ ಕಚ್ಚಿಕೊಂಡಿರುವುದರಿಂದ ಏಳುವುದಿಲ್ಲ. ಹಾಗಿದ್ದರೆ ಆ ಚಿತ್ರವನ್ನು ಹಾಗೇ ಬಿಟ್ಟು ಹೊಸ ಕಾಗದದ ಮೇಲೆ ದಿಗಂತದ ಗೆರೆ ಎಳೆದುಕೊಳ್ಳಿ.